ದನದ ಇಂಜೆಕ್ಷನ್ನಿಗೂ ರಣಹದ್ದಿಗೂ ಏನು ಸಂಬಂಧ? ಓದುಗರ ಪ್ರಶ್ನೆಗಳಿಗೆ ಪಶು ವೈದ್ಯರ ಉತ್ತರ

ರಣಹದ್ದುಗಳ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ. ಮೊದಲನೆಯ ಉತ್ತರ ಸ್ವಲ್ಪ ಉದ್ದ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ, ದಯವಿಟ್ಟು ಪೂರ್ತಿ ಓದಿ.

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ಅರವತ್ತು ದಾಟಿದೆ. ನಾವು ಹುಡುಗರಾಗಿದ್ದಾಗ ಸತ್ತ ಎತ್ತನ್ನು ಊರಾಚೆ ಎಳೆದು ಹಾಕಿದರೆ ಸಂಜೆಯೊಳಗೆ ಮೂಳೆ ಮಾತ್ರ ಉಳಿಯುತ್ತಿತ್ತು, ಅಷ್ಟು ರಣಹದ್ದು ಇಳಿಯುತ್ತಿದ್ದವು. ಈಗ ಒಂದೂ ಇಲ್ಲ. ಮೊಬೈಲ್ ಟವರಿನಿಂದ ಹೋದವು ಅಂತಾರೆ, ನಿಜವೇ?

ಇಲ್ಲ ಸಾರ್, ಟವರ್ ಕಾರಣ ಅಲ್ಲ. ಹಳ್ಳಿಗಳಿಗೆ ಟವರ್ ಬರುವ ಮೊದಲೇ ಅವು ಸಾಯತೊಡಗಿದ್ದವು.

1980ರ ದಶಕದಲ್ಲಿ ಬಿಳಿ ಬೆನ್ನಿನ ರಣಹದ್ದು ನಮ್ಮ ದೇಶದಲ್ಲಿ ಎಷ್ಟಿತ್ತೆಂದರೆ, ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೊಡ್ಡ ಬೇಟೆಹಕ್ಕಿ ಜಾತಿ ಇದೇ ಇರಬೇಕು ಅಂತ ತಜ್ಞರು ಬರೆಯುತ್ತಿದ್ದರು. ದೆಹಲಿಯಂಥ ಊರಿನಲ್ಲೂ ಮರಗಳ ಮೇಲೆ ಗೂಡು ಕಟ್ಟುತ್ತಿದ್ದವು. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ವಿಭು ಪ್ರಕಾಶ್ ಎಂಬ ಪಕ್ಷಿ ವಿಜ್ಞಾನಿ 1980ರ ದಶಕದ ಕೊನೆಗೆ 350ರಷ್ಟು ಗೂಡು ಎಣಿಸಿದ್ದರು. ಹತ್ತು ವರ್ಷದ ನಂತರ ಮತ್ತೆ ಎಣಿಸಿದಾಗ ಬಹುಪಾಲು ಗೂಡುಗಳೇ ಇರಲಿಲ್ಲ. ಇದ್ದ ಹಕ್ಕಿಗಳು ಕತ್ತು ಜೋಲು ಬಿಟ್ಟುಕೊಂಡು ದಿನಗಟ್ಟಲೆ ಕೊಂಬೆಯ ಮೇಲೆ ಕೂತಿರುತ್ತಿದ್ದವು, ಆಮೇಲೆ ಕೆಳಗೆ ಬಿದ್ದು ಸಾಯುತ್ತಿದ್ದವು. ಬೇಟೆ ಇಲ್ಲ, ಹಸಿವಿಲ್ಲ. ತಿನ್ನಲು ಸತ್ತ ದನ ಬೇಕಾದಷ್ಟಿತ್ತು.

ಮೊದಲು ವೈರಸ್ ಇರಬಹುದು ಅಂದರು. ಕೀಟನಾಶಕ ಅಂದರು. ಕೊನೆಗೆ ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶು ರೋಗ ತಜ್ಞ ಮತ್ತು ಅವರ ತಂಡ ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ, ಒಳಗಿನ ಅಂಗಾಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ ಇತ್ತು. ಅದು ಯೂರಿಕ್ ಆಮ್ಲ. ಹಕ್ಕಿಯ ಕಿಡ್ನಿ ಕೆಲಸ ನಿಲ್ಲಿಸಿದರೆ ಹೊರಗೆ ಹೋಗಬೇಕಾದ ಈ ಆಮ್ಲ ಒಳಗೇ ಹರಳುಗಟ್ಟುತ್ತದೆ. ಕಿಡ್ನಿ ಯಾಕೆ ನಿಂತಿತು ಅಂತ ಹುಡುಕುತ್ತಾ ಹೋದರು. ಹೀಗೆ ಸತ್ತ ಹಕ್ಕಿಗಳಲ್ಲೆಲ್ಲ ಡೈಕ್ಲೋಫೆನಾಕ್ ಸಿಕ್ಕಿತು. 2004ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಡೈಕ್ಲೋಫೆನಾಕ್ ಅಂದರೆ ಬೇರೇನಲ್ಲ, ನಾವು ನೀವು ಬೆನ್ನುನೋವಿಗೆ ನುಂಗುವ ವೋವೆರಾನ್ ಮಾತ್ರೆಯಲ್ಲಿರುವ ಔಷಧಿಯೇ. ನೋವು, ಬಾವು, ಜ್ವರ ಇಳಿಸುತ್ತದೆ. 1990ರ ದಶಕದಲ್ಲಿ ಇದು ದನಗಳಿಗೂ ಬಂತು. ಅಗ್ಗ, ಬೇಗ ಕೆಲಸ ಮಾಡುತ್ತದೆ, ಹಾಗಾಗಿ ಎಲ್ಲ ಕಡೆ ಬಳಸಿದರು. ದನಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಇಂಜೆಕ್ಷನ್ ಹಾಕಿದ ಒಂದೆರಡು ದಿನದಲ್ಲಿ ದನ ಸತ್ತು, ಆ ಹೆಣ ಬಯಲಿಗೆ ಬಿದ್ದರೆ, ಅದನ್ನು ತಿಂದ ಹದ್ದು ಎರಡು ಮೂರು ದಿನದಲ್ಲಿ ಸಾಯುತ್ತದೆ. ಇವು ಒಂಟಿಯಾಗಿ ಉಣ್ಣುವ ಹಕ್ಕಿಗಳೂ ಅಲ್ಲ. ಒಂದು ಹೆಣದ ಸುತ್ತ ಇಡೀ ಹಿಂಡು ಕೂರುತ್ತದೆ. ಹಾಗಾಗಿ ಎಲ್ಲ ಹೆಣಗಳಲ್ಲೂ ಔಷಧಿ ಇರಬೇಕಾಗಿಲ್ಲ, ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಇದ್ದರೂ ಸಂತತಿ ಕುಸಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ.

1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು ಶೇ 99.9ರಷ್ಟು ಕಡಿಮೆಯಾಯಿತು. ಸಾವಿರ ಇದ್ದಲ್ಲಿ ಒಂದು ಉಳಿಯಿತು. ಉದ್ದ ಕೊಕ್ಕಿನದ್ದು, ತೆಳು ಕೊಕ್ಕಿನದ್ದು ಸೇರಿ ಶೇ 97ರಷ್ಟು ಹೋದವು. ಇಷ್ಟು ವೇಗವಾಗಿ ಕುಸಿದ ಹಕ್ಕಿಗಳು ಜಗತ್ತಿನಲ್ಲಿ ತೀರಾ ಕಡಿಮೆ. ಇದನ್ನು ಮಾಡಿದವರು ನಾವು, ಪಶು ವೈದ್ಯರು ಮತ್ತು ರೈತರು. ದನದ ನೋವು ಕಡಿಮೆ ಮಾಡಬೇಕು ಅನ್ನುವ ಒಳ್ಳೇ ಮನಸ್ಸಿನಿಂದಲೇ ಮಾಡಿದೆವು. ಬೇಟೆಗಾರನಿದ್ದರೆ ಹಿಡಿಯಬಹುದು, ಕಾಡು ಕಡಿದರೆ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ, ಆರು ಸೀಮೆ ಹಸು ಕಟ್ಟಿದ್ದೇವೆ. ಕೆಚ್ಚಲು ಬಾವು ಬಂದರೆ, ಕಾಲು ಕುಂಟಿದರೆ ನೋವಿನ ಇಂಜೆಕ್ಷನ್ ಹಾಕಿಸಲೇಬೇಕು. ಹದ್ದು ಉಳಿಸೋಕೆ ಹಸು ನರಳಲಿ ಅಂತೀರಾ?

ಖಂಡಿತ ಇಲ್ಲ ಅಮ್ಮ. ಹಸು ನರಳುವುದನ್ನು ನೋಡಿಕೊಂಡು ಸುಮ್ನೆ ಕೂರಿ ಅಂತ ಯಾವ ಪಶು ವೈದ್ಯನೂ ಹೇಳಬಾರದು. ಬೇರೆ ಔಷಧಿ ಇದೆ. ಮೆಲಾಕ್ಸಿಕಾಮ್ ಅಂತ ಕೇಳಿ ಹಾಕಿಸಿ. ಅದನ್ನು ಹದ್ದುಗಳ ಮೇಲೇ ಪರೀಕ್ಷೆ ಮಾಡಿ ಅಪಾಯ ಇಲ್ಲ ಅಂತ 2006ರಲ್ಲೇ ತೋರಿಸಿದ್ದಾರೆ. ಟಾಲ್ಫೆನಾಮಿಕ್ ಆಸಿಡ್ ಕೂಡ ಸುರಕ್ಷಿತ. ಕೆಚ್ಚಲು ಬಾವಿಗೂ ಕುಂಟಿಗೂ ಇವು ಚೆನ್ನಾಗಿ ಕೆಲಸ ಮಾಡುತ್ತವೆ.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ಸರ್ಕಾರ 2006ರಲ್ಲೇ ನಿಲ್ಲಿಸಿತು. ಆದರೆ ಮನುಷ್ಯರಿಗೆ ಅಂತ ಬರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ ಕೂಡ 3 ಎಂಎಲ್‌ನ ಒಂದು ಡೋಸಿನ ಪ್ಯಾಕಿನಲ್ಲಿ ಮಾತ್ರ ಮಾರಬೇಕು ಅಂತ ಆದೇಶ ಬಂತು. ಹಸುವಿಗೆ ಬೇಕಾಗುವಷ್ಟು ಔಷಧಿಗೆ ಅಂಥ ಎಷ್ಟೋ ಪ್ಯಾಕ್ ಒಡೆಯಬೇಕು, ಆ ತಾಪತ್ರಯಕ್ಕೆ ಬಿಡಲಿ ಅನ್ನುವ ಲೆಕ್ಕ. ಆಮೇಲೆ ಬೇರೆ ಹೆಸರುಗಳು ಬಂದವು. ಅಸೆಕ್ಲೋಫೆನಾಕ್ ದನದ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ, ಅಂದರೆ ಅದೇ ವಿಷ. ಕೀಟೋಪ್ರೊಫೆನ್ ಕೂಡ ಹದ್ದುಗಳನ್ನು ಕೊಲ್ಲುತ್ತದೆ. ಇವೆರಡನ್ನೂ 2023ರಲ್ಲಿ ದನಗಳಿಗೆ ನಿಷೇಧಿಸಿದರು. ನಿಮೆಸುಲೈಡ್ ಸರದಿ 2024ರ ಕೊನೆಗೆ ಬಂತು. 2006ರಿಂದ 2024. ಒಂದೊಂದು ಔಷಧಿಗೂ ಸಾಕ್ಷಿ ಕೂಡಿಸಿ, ಮನವಿ ಕೊಟ್ಟು, ಕೋರ್ಟಿಗೂ ಹೋಗಿ ಬರುವಷ್ಟರಲ್ಲಿ ಇಷ್ಟು ವರ್ಷ. ಹೊಸ ನೋವಿನ ಔಷಧಿ ದನಕ್ಕೆ ಬರುವ ಮೊದಲೇ ಹದ್ದಿಗೆ ಸುರಕ್ಷಿತವೇ ಅಂತ ಪರೀಕ್ಷೆ ಮಾಡುವ ನಿಯಮ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸತ್ತ ಮೇಲೆ ನಿಷೇಧ ಹಾಕಿದರೆ ಏನು ಬಂತು?

ನಿಮ್ಮ ಕೈಯಲ್ಲಿರುವುದು ಇಷ್ಟು. ಇಂಜೆಕ್ಷನ್ ಹಾಕುವವರು ಯಾರೇ ಬರಲಿ, ಬಾಟಲಿ ತೋರಿಸಿ ಅಂತ ಕೇಳಿ, ಹೆಸರು ಓದಿ. ಮೆಡಿಕಲ್ ಶಾಪಿನಿಂದ ನೀವೇ ತಂದು ಹಾಕಬೇಡಿ. ಔಷಧಿ ಪಡೆದ ಹಸು ವಾರದೊಳಗೆ ಸತ್ತರೆ, ಯಾವ ಔಷಧಿಯೇ ಇರಲಿ, ಆಳವಾಗಿ ಗುಂಡಿ ತೋಡಿ ಹೂಳಿ. ಕಷ್ಟದ ಕೆಲಸ ಅಂತ ಗೊತ್ತು, ಜೆಸಿಬಿಗೆ ದುಡ್ಡು ಬೇಕು. ಪಂಚಾಯಿತಿಯವರನ್ನು ಕೇಳಿ, ಇದಕ್ಕೆ ನೆರವು ಕೇಳುವುದರಲ್ಲಿ ತಪ್ಪೇನಿಲ್ಲ.

ಕಾಡಂಚಿನ ರೈತರಿಗೆ ಇನ್ನೊಂದು ಮಾತು. ಹುಲಿ ಚಿರತೆ ಹಸು ಹಿಡಿದಾಗ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಆದರೆ ಆ ಹೆಣಕ್ಕೆ ವಿಷ ಬೆರೆಸಬೇಡಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಹೀಗೇ ಸತ್ತವು. ಅಂಥ ಒಂದು ಹೆಣದ ಮೇಲೆ ರಣಹದ್ದಿನ ಹಿಂಡು ಇಳಿದರೆ ಆ ಇಡೀ ಪ್ರದೇಶದ ಹಕ್ಕಿಗಳು ಒಂದೇ ದಿನದಲ್ಲಿ ಮುಗಿದವು. ಪರಿಹಾರದ ಅರ್ಜಿ ಬೇಗ ವಿಲೇವಾರಿ ಆಗಬೇಕು ಅಂತ ಇಲಾಖೆಯನ್ನು ಒತ್ತಾಯಿಸಿ, ಆ ಹೋರಾಟದಲ್ಲಿ ನಾನು ನಿಮ್ಮ ಕಡೆ.

ಪ್ರಶ್ನೆ: ಪ್ರಾಣಿಗಳು ಅಳಿಯೋದು ಪ್ರಕೃತಿಯಲ್ಲಿ ಸಹಜ ಅಲ್ವಾ? ಡೈನೋಸಾರ್ ಹೋಯ್ತು, ಚೀತಾ ಹೋಯ್ತು. ಹೆಣ ತಿನ್ನೋ ಒಂದು ಹಕ್ಕಿ ಹೋದ್ರೆ ಬೆಂಗಳೂರಲ್ಲಿ ಕೂತಿರೋ ನನಗೇನು ನಷ್ಟ?

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಚೀತಾ ತಾನಾಗಿ ಹೋಗಲಿಲ್ಲ. ಬೇಟೆಯಾಡಿದರು, ಪಳಗಿಸಲು ಹಿಡಿದು ಒಯ್ದರು, ಅದು ಓಡಾಡುವ ಹುಲ್ಲುಗಾವಲು ಉತ್ತರು. 1952ರಲ್ಲಿ ಅದು ದೇಶದಲ್ಲಿ ಅಳಿದಿದೆ ಅಂತ ಘೋಷಿಸಿದರು. ಸಹಜವಾಗಿ ಒಂದು ಜಾತಿ ಅಳಿಯಲು ಸಾವಿರಾರು, ಲಕ್ಷಾಂತರ ವರ್ಷ ಹಿಡಿಯುತ್ತದೆ, ಆ ಹೊತ್ತಿಗೆ ಅದರ ಜಾಗಕ್ಕೆ ಇನ್ನೊಂದು ಬಂದಿರುತ್ತದೆ. ಹದಿನೈದು ವರ್ಷದಲ್ಲಿ ಸಾವಿರಕ್ಕೆ ಒಂದು ಉಳಿಯುವುದು ಯಾವ ಲೆಕ್ಕದಲ್ಲೂ ಸಹಜ ಅಲ್ಲ.

ನಷ್ಟದ ಮಾತಿಗೆ ಬರೋಣ. ರಣಹದ್ದಿನ ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣ ಅಂದರೆ ಕೊಳೆತ ಮಾಂಸದಲ್ಲಿರುವ ರೋಗಾಣುಗಳು ಬಹುಪಾಲು ಅಲ್ಲೇ ಸಾಯುತ್ತವೆ. ಒಂದು ಹಿಂಡು ಒಂದು ದನದ ಹೆಣವನ್ನು ಒಂದು ಗಂಟೆಯೊಳಗೆ ಮುಗಿಸಬಲ್ಲದು. ಅವು ಹೋದ ಮೇಲೆ ಹೆಣಗಳು ಬಯಲಲ್ಲೇ ಕೊಳೆತವು, ಕೆರೆ ಹಳ್ಳ ಸೇರಿದವು, ಬೀದಿ ನಾಯಿಗಳಿಗೆ ಊಟವಾದವು. ನಾಯಿಗಳ ಹೊಟ್ಟೆ ರೋಗವನ್ನು ಹದ್ದಿನ ಥರ ಕೊಲ್ಲುವುದಿಲ್ಲ. ಊಟ ಸಿಕ್ಕಿದ್ದಕ್ಕೆ ನಾಯಿಗಳು ಹೆಚ್ಚಾದವು, ಕಡಿತ ಹೆಚ್ಚಾಯಿತು, ಹುಚ್ಚುನಾಯಿ ರೋಗದ ಸಾವೂ ಹೆಚ್ಚಾಯಿತು. ನಾಯಿಗಳ ತಪ್ಪೇನೂ ಇಲ್ಲ ಇದರಲ್ಲಿ, ಅವನ್ನು ಬೈಯಬೇಡಿ.

ಇದನ್ನು ಲೆಕ್ಕ ಹಾಕಿದವರಿದ್ದಾರೆ. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಮೊದಲು ಹದ್ದು ಜಾಸ್ತಿ ಇದ್ದ ಜಿಲ್ಲೆಗಳನ್ನೂ ಮೊದಲಿನಿಂದಲೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿದರು. ಹದ್ದು ಕಳೆದುಕೊಂಡ ಕಡೆ ಮನುಷ್ಯರ ಸಾವಿನ ಪ್ರಮಾಣ ಏರಿತ್ತು. 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಜನ ಈ ಕಾರಣಕ್ಕೆ ಹೆಚ್ಚುವರಿಯಾಗಿ ಸತ್ತರು ಅನ್ನುತ್ತದೆ ಅವರ ಅಂದಾಜು. ಐದು ಲಕ್ಷ. ಹಕ್ಕಿಯ ಮೇಲೆ ಪ್ರೀತಿ ಇಲ್ಲದಿದ್ದರೂ ಈ ಅಂಕಿ ನೋಡಿದರೆ ಸಾಕಲ್ವಾ?

ಮುಂಬೈಯ ಪಾರ್ಸಿಗಳನ್ನು ಕೇಳಿ. ಮಲಬಾರ್ ಹಿಲ್‌ನ ದಖ್ಮಾದಲ್ಲಿ, ಅಂದರೆ ಹೆಣ ಇಡುವ ಗೋಪುರದಲ್ಲಿ, ತಮ್ಮವರ ದೇಹವನ್ನು ಹದ್ದುಗಳಿಗೆ ಒಪ್ಪಿಸುವುದು ಅವರ ತಲೆತಲಾಂತರದ ಪದ್ಧತಿ. ಹದ್ದುಗಳೇ ಇಲ್ಲವಾಗಿ, ಬಿಸಿಲಿನ ಶಾಖವನ್ನು ದೇಹದ ಮೇಲೆ ಹಾಯಿಸುವ ಸಾಧನಗಳನ್ನು ಅಲ್ಲಿ ಇಡಬೇಕಾಯಿತು. ಒಂದು ಸಮುದಾಯದ ಅಂತ್ಯಸಂಸ್ಕಾರವೇ ಒಂದು ಔಷಧಿಯಿಂದ ಅಲುಗಾಡಿತು.

ಪ್ರಶ್ನೆ: ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಕಾಂಡೋರ್ ಎಂಬ ರಣಹದ್ದಿನಂಥ ಹಕ್ಕಿಯನ್ನು ಸಾಕಿ, ಮರಿ ಮಾಡಿಸಿ, ಮತ್ತೆ ಕಾಡಿಗೆ ಬಿಟ್ಟು ಉಳಿಸಿಕೊಂಡರು. ನಮ್ಮಲ್ಲೂ ಹಾಗೆ ಮಾಡಿದ್ರೆ ಆಗಲ್ವಾ?

ಮಾಡುತ್ತಿದ್ದೇವೆ. ಹರಿಯಾಣದ ಪಿಂಜೋರ್‌ನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮತ್ತು ಅಲ್ಲಿನ ಸರ್ಕಾರ ಸೇರಿ ನಡೆಸುವ ಕೇಂದ್ರ ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದೆ. ಅಸ್ಸಾಂ, ಪಶ್ಚಿಮ ಬಂಗಾಳದಲ್ಲೂ ಕೇಂದ್ರಗಳಿವೆ. ಆದರೆ ತಾಳ್ಮೆ ಬೇಕು. ರಣಹದ್ದು ಮರಿ ಮಾಡುವ ವಯಸ್ಸಿಗೆ ಬರಲು ಸುಮಾರು ಐದು ವರ್ಷ. ಆಮೇಲೂ ವರ್ಷಕ್ಕೆ ಒಂದೇ ಮೊಟ್ಟೆ. ಮೊದಲ ಮೊಟ್ಟೆಯನ್ನು ತೆಗೆದು ಯಂತ್ರದಲ್ಲಿ ಕಾವು ಕೊಟ್ಟರೆ ತಾಯಿ ಇನ್ನೊಂದು ಇಡುತ್ತದೆ, ಆ ಉಪಾಯವನ್ನೂ ಬಳಸುತ್ತಾರೆ.

ನಿಮ್ಮ ಕಾಂಡೋರ್ ಕಥೆಯ ಇನ್ನೊಂದು ಭಾಗ ನೋಡಿ. 1987ರಲ್ಲಿ ಜಗತ್ತಿನಲ್ಲಿ ಉಳಿದಿದ್ದು 27, ಎಲ್ಲವನ್ನೂ ಹಿಡಿದು ಸಾಕಿದರು. ಈಗ 500 ದಾಟಿವೆ, ಅದೊಂದು ದೊಡ್ಡ ಸಾಧನೆ. ಆದರೂ ಕಾಡಿಗೆ ಬಿಟ್ಟ ಹಕ್ಕಿಗಳು ಸೀಸದ ವಿಷಕ್ಕೆ ಸಾಯುತ್ತಲೇ ಇವೆ. ಬೇಟೆಗಾರರು ಹೊಡೆದ ಪ್ರಾಣಿಯ ಉಳಿಕೆಯಲ್ಲಿ ಗುಂಡಿನ ಸೀಸದ ಚೂರು ಇರುತ್ತದೆ, ಕಾಂಡೋರ್ ಅದನ್ನು ತಿನ್ನುತ್ತದೆ. ಬೇಟೆಗೆ ಸೀಸದ ಗುಂಡು ಬಳಸುವುದನ್ನು ಕ್ಯಾಲಿಫೋರ್ನಿಯಾ ಪೂರ್ತಿ ನಿಲ್ಲಿಸಿದ್ದು 2019ರಲ್ಲಿ. ನಮ್ಮಲ್ಲೂ ಅಷ್ಟೇ. ಪಂಜರದಲ್ಲಿ ಎಷ್ಟೇ ಮರಿ ಮಾಡಿಸಿದರೂ, ಸುತ್ತಲಿನ ಕೊಟ್ಟಿಗೆಗಳಲ್ಲಿ ಔಷಧಿ ಬದಲಾಗದಿದ್ದರೆ ಹೊರಗೆ ಬಿಡುವುದು ಎಲ್ಲಿಗೆ? ಹಾಗಾಗಿಯೇ ಬಿಡುವ ಜಾಗದ ಸುತ್ತ ನೂರು ಕಿಲೋಮೀಟರ್‌ವರೆಗೆ ಆ ಔಷಧಿಗಳು ಇರಬಾರದು ಅಂತ ಮೊದಲು ಕೆಲಸ ಮಾಡುತ್ತಾರೆ.

ನೇಪಾಳ ಇದನ್ನು ನಮಗಿಂತ ಚೆನ್ನಾಗಿ ಮಾಡಿದೆ. ಅಲ್ಲಿ ಪಿಥೌಲಿ ಎಂಬ ಊರಿನ ಜನ ಮುದಿ ದನಗಳನ್ನು ಸಾಕುತ್ತಾರೆ, ಅವು ತಾವಾಗಿ ಸತ್ತ ಮೇಲೆ ಔಷಧಿ ಇಲ್ಲದ ಆ ಹೆಣವನ್ನು ಹದ್ದುಗಳಿಗೆ ಇಡುತ್ತಾರೆ. ಅದಕ್ಕೆ ಜಟಾಯು ರೆಸ್ಟೋರೆಂಟ್ ಅಂತಲೇ ಹೆಸರು. ಗೋವಿನ ಮೇಲಿನ ಭಕ್ತಿ ಮತ್ತು ಹದ್ದಿನ ಊಟ ಎರಡೂ ಒಟ್ಟಿಗೆ ನಡೆಯುತ್ತವೆ. ನಮ್ಮ ಗೋಶಾಲೆಗಳು ಇದನ್ನು ಯೋಚನೆ ಮಾಡಬೇಕು.

ಪ್ರಶ್ನೆ: ಕರ್ನಾಟಕದಲ್ಲಿ ಈಗ ಎಲ್ಲಿ ನೋಡಬಹುದು? ನಮ್ಮ ಏರಿಯಾದಲ್ಲಿ ಮೀನು ಮಾರ್ಕೆಟ್ ಮೇಲೆ ಸುತ್ತೋದು ರಣಹದ್ದೇನಾ?

ಅಲ್ಲ, ಅದು ಸಾಮಾನ್ಯ ಹದ್ದು. ಬಾಲದ ತುದಿ ಒಳಕ್ಕೆ ಕತ್ತರಿಸಿದಂತೆ ಕಾಣುತ್ತದೆ, ನೋಡಿ. ರಣಹದ್ದು ಅದಕ್ಕಿಂತ ತುಂಬಾ ದೊಡ್ಡದು, ರೆಕ್ಕೆ ಅಗಲ, ಬಾಲ ಮೊಂಡು, ರೆಕ್ಕೆ ಬಡಿಯದೆ ಬಹಳ ಎತ್ತರದಲ್ಲಿ ತೇಲುತ್ತದೆ.

ಬಂಡೀಪುರ, ನಾಗರಹೊಳೆ, ಪಕ್ಕದ ಮುದುಮಲೈ, ವಯನಾಡು ಸೇರಿದ ಕಾಡು ಇವುಗಳ ದಕ್ಷಿಣದ ಕೊನೆಯ ದೊಡ್ಡ ನೆಲೆ. ಮೂರು ರಾಜ್ಯದವರು ಒಟ್ಟಿಗೆ ಎಣಿಸಿದಾಗ ಸಿಕ್ಕಿದ್ದು ಕೆಲವೇ ನೂರು. ಬೆಂಗಳೂರಿಗೆ ಹತ್ತಿರ ಅಂದರೆ ರಾಮನಗರದ ರಾಮದೇವರ ಬೆಟ್ಟ. 2012ರಲ್ಲಿ ಅದನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಬಂಡೆಯ ಗೋಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು ಅಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಹೋದ ಎಲ್ಲರಿಗೂ ಕಾಣುತ್ತವೆ ಅಂತ ಹೇಳಲಾರೆ.

ಹೋಗುವುದಾದರೆ ಬೈನಾಕ್ಯುಲರ್ ತಗೊಂಡು ಹೋಗಿ, ದೂರದಿಂದ ನೋಡಿ. ಚಳಿಗಾಲ ಗೂಡಿನ ಕಾಲ, ಆಗ ಸ್ಪೀಕರ್ ಹಾಕುವುದು, ಡ್ರೋನ್ ಹಾರಿಸುವುದು, ಬಂಡೆ ಹತ್ತುವುದು ಬೇಡವೇ ಬೇಡ, ಹೆದರಿದ ತಾಯಿ ಗೂಡು ಬಿಟ್ಟರೆ ಆ ವರ್ಷದ ಒಂದೇ ಮೊಟ್ಟೆಯೂ ಹೋಯಿತು. ನೋಡಿದ್ದನ್ನು ಇಬರ್ಡ್ ಎಂಬ ಪಕ್ಷಿ ದಾಖಲೆಯ ಜಾಲತಾಣದಲ್ಲಿ ದಾಖಲಿಸಿ, ಗೂಡಿನ ಫೋಟೋ ಮಾತ್ರ ಎಲ್ಲೂ ಹಾಕಬೇಡಿ. ನೆಲಕ್ಕೆ ಬಿದ್ದ ಅಥವಾ ಸತ್ತ ಹದ್ದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಅದರ ಕಿಡ್ನಿಯನ್ನು ಪರೀಕ್ಷೆ ಮಾಡಿದರೆ ಆ ಸುತ್ತಮುತ್ತ ಯಾವ ಔಷಧಿ ಇನ್ನೂ ಓಡಾಡುತ್ತಿದೆ ಅಂತ ಗೊತ್ತಾಗುತ್ತದೆ. ತಡ ಮಾಡಿದರೆ ಹೆಣ ಕೊಳೆತು ಪರೀಕ್ಷೆಗೆ ಬರುವುದಿಲ್ಲ, ಹಾಗಾಗಿ ಕಂಡ ತಕ್ಷಣ ಫೋನ್ ಮಾಡಿ.