ಓವನ್ ಬೇಡ, ಕುಮಟಾ ಈರುಳ್ಳಿ ಇದ್ದರೆ ಸಾಕು

ನೀವು ಕೇಳಿದ್ದು ಇಷ್ಟು. ಕಾರವಾರದಲ್ಲಿ ಬಾಡಿಗೆ ಮನೆ, ಎರಡು ಬರ್ನರಿನ ಗ್ಯಾಸ್ ಒಲೆ, ಓವನ್ ಇಲ್ಲ. ವಿಡಿಯೋ ನೋಡಿ ಮೆಡಿಟರೇನಿಯನ್ ಥರದ ಬದನೆಕಾಯಿ ಮಾಡಹೋದರೆ ಕಾಯಿ ಎಣ್ಣೆಯನ್ನೆಲ್ಲ ಕುಡಿದು, ಒಳಗೆ ಹಸಿಯಾಗೇ ಉಳಿಯಿತು. ಸುಲಭದ್ದು ಏನಾದರೂ ಇದೆಯಾ? ಆಲಿವ್ ಎಣ್ಣೆಯೇ ಆಗಬೇಕಾ? ಬೆಳ್ಳುಳ್ಳಿ ಮುಟ್ಟದ ಅಮ್ಮನಿಗೆ ಏನು ಮಾಡಲಿ?

ಸುಲಭದ್ದು ಇದೆ. ಟರ್ಕಿಯವರ ಇಮಾಮ್ ಬಾಯಿಲ್ಡಿ. ಬದನೆಕಾಯಿ ಸೀಳಿ, ಒಳಗೆ ಈರುಳ್ಳಿ ಟೊಮೆಟೊ ತುಂಬಿ, ಸಣ್ಣ ಉರಿಯಲ್ಲಿ ಬೇಯಿಸಿ, ಪೂರ್ತಿ ಆರಿದ ಮೇಲೆ ತಿನ್ನುವ ಅಡುಗೆ. ಹೆಸರಿನ ಅರ್ಥ 'ಇಮಾಮರು ಮೂರ್ಛೆ ಹೋದರು' ಅಂತ. ರುಚಿಗೆ ಮೂರ್ಛೆ ಹೋದರು ಅನ್ನುವವರು ಕೆಲವರು. ಹೆಂಡತಿ ಸುರಿದ ಎಣ್ಣೆಯ ಲೆಕ್ಕ ಕೇಳಿ ಮೂರ್ಛೆ ಹೋದರು ಅನ್ನುವವರು ಇನ್ನು ಕೆಲವರು. ನಿಮ್ಮ ಅನುಭವ ಓದಿದರೆ ಎರಡನೆಯದೇ ನಿಜ ಅನ್ನಿಸುತ್ತದೆ, ಅಲ್ವಾ?

ನನಗೆ ಇದನ್ನು ಹೇಳಿಕೊಟ್ಟದ್ದು ನಮ್ಮ ಭಾವ. ಹಡಗಿನಲ್ಲಿ ಕೆಲಸಕ್ಕಿದ್ದವನು, ಟರ್ಕಿಯ ಇಜ್ಮೀರ್ ಬಂದರಿನಲ್ಲಿ ಇಳಿದಾಗ ತಿಂದು ಬಂದಿದ್ದ. ನಾನು ಹುಟ್ಟಿದ್ದು ಶಿರಸಿ ಹತ್ತಿರ, ಈಗಿರುವುದು ಕುಮಟಾದಲ್ಲಿ. ಬದನೆಕಾಯಿ ಅಂದರೆ ನನಗೆ ಬಚ್ಚಲು ಒಲೆಯ ಕೆಂಡದಲ್ಲಿ ಸುಟ್ಟು ಮಾಡುವ ಗೊಜ್ಜು, ಇಲ್ಲವೇ ಹುಳಿ. ತಣ್ಣಗಿನ ಬದನೆಕಾಯಿ ತಿನ್ನುವುದಾ ಅಂತ ಮೊದಲ ಸಲ ನಕ್ಕಿದ್ದೆ. ಮಾಡಿದಾಗ ನಿಮ್ಮ ಹಾಗೆಯೇ ಕೆಡಿಸಿದೆ ಕೂಡ. ಅರ್ಧ ಬೆಂದಿತ್ತು, ಸಾಲದ್ದಕ್ಕೆ ಮೇಲೆ ಸಾಸಿವೆ ಒಗ್ಗರಣೆ ಹಾಕಿದ್ದೆ. ಭಾವ ಒಂದು ತುತ್ತು ತಿಂದು, "ಪಲ್ಯ ಚೆನ್ನಾಗಿದೆ, ಇನ್ನೂ ಸ್ವಲ್ಪ ಬೇಯಬೇಕಿತ್ತು" ಅಂದ.

ಎಣ್ಣೆ ಕುಡಿಯುವುದು ಯಾಕೆ ಅಂತ ಮೊದಲು ಹೇಳುತ್ತೇನೆ, ಅದು ಗೊತ್ತಾದರೆ ಉಳಿದದ್ದೆಲ್ಲ ಹಗುರ. ಬದನೆಕಾಯಿಯ ತಿರುಳು ಸ್ಪಂಜಿನ ಹಾಗೆ. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಜಾಗ. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಆ ಜಾಗಕ್ಕೆಲ್ಲ ಎಣ್ಣೆ ನುಗ್ಗುತ್ತದೆ. ಬಾಣಲೆ ಒಣಗಿತು ಅಂತ ನಾವು ಇನ್ನಷ್ಟು ಸುರಿಯುತ್ತೇವೆ, ಅದನ್ನೂ ಕುಡಿಯುತ್ತದೆ. ಉಪ್ಪು ಹಚ್ಚಿಟ್ಟರೆ ನೀರು ಬಿಟ್ಟುಕೊಂಡು ತಿರುಳು ಕುಸಿಯುತ್ತದೆ, ಗಾಳಿಯ ಜಾಗ ಕಡಿಮೆಯಾಗುತ್ತದೆ. ಪೂರ್ತಿ ಬೆಂದ ಮೇಲೆ ಕುಡಿದದ್ದರಲ್ಲಿ ಸ್ವಲ್ಪ ಎಣ್ಣೆಯನ್ನು ವಾಪಸ್ ಬಿಡುತ್ತದೆ ಕೂಡ. ನೀವು ಅದಕ್ಕಿಂತ ಮೊದಲೇ ಒಲೆ ಆರಿಸಿದ್ದೀರಿ. ಎಣ್ಣೆ ಹೋಯಿತು, ಕಾಯಿಯೂ ಬೇಯಲಿಲ್ಲ.

ಯಾವ ಕಾಯಿ? ಉದ್ದನೆಯದು, ನೇರಳೆ ಬಣ್ಣದ್ದು, ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದು, ಒಂದೊಂದು ಸುಮಾರು 150 ಗ್ರಾಂ. ನಿಮ್ಮ ಭಾನುವಾರದ ಸಂತೆಯಲ್ಲಿ ಹುಡುಕಿ. ಸಿಪ್ಪೆ ಮಿಂಚುತ್ತಿರಬೇಕು, ತೊಟ್ಟು ಹಸಿರಾಗಿರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲದೆ ಮೇಲೆ ಬರಬೇಕು. ಮಂಕಾದ ಸಿಪ್ಪೆಯದ್ದು ಬಲಿತದ್ದು. ಬೀಜ ಜಾಸ್ತಿ, ಕಹಿಯೂ ಅಲ್ಲೇ ಇರುವುದು. ಹಸಿರು ದುಂಡು ಬದನೆ ಹುಳಿಗೆ ಇರಲಿ.

ಈರುಳ್ಳಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಪಕ್ಷಪಾತಿ. ಈ ಅಡುಗೆಯಲ್ಲಿ ಬದನೆಕಾಯಿಗಿಂತ ಈರುಳ್ಳಿಯದ್ದೇ ಕಾರುಬಾರು. ಮೆತ್ತಗೆ ಬಾಡಿ, ಸಿಹಿಯಾಗಿ, ಟೊಮೆಟೊದ ಹುಳಿಗೆ ಎದುರು ನಿಲ್ಲಬೇಕು. ಟರ್ಕಿಯವರು ಇದಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಾರೆ. ನಮಗೆ ಅದೂ ಬೇಡ. ಬೇಸಿಗೆಯಲ್ಲಿ ಕುಮಟಾ ಕಡೆ ಬಂದರೆ ಹಂದಿಗೋಣ, ಅಳ್ವೇಕೋಡಿ ಹತ್ತಿರ ಹೆದ್ದಾರಿ 66ರ ಪಕ್ಕದಲ್ಲೇ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ. ಒಂದು ಜಡೆ ತಂದು ಅಡುಗೆಮನೆಯಲ್ಲಿ ನೇತುಹಾಕಿ. ಅದಿಲ್ಲದ ತಿಂಗಳಲ್ಲಿ ಮಾಮೂಲಿ ಈರುಳ್ಳಿಗೆ ಅರ್ಧ ಚಮಚ ಸಕ್ಕರೆ ಹಾಕಿಕೊಳ್ಳಿ, ನಡೆಯುತ್ತದೆ.

ನಾಲ್ಕು ಜನಕ್ಕೆ ಲೆಕ್ಕ: ಬದನೆಕಾಯಿ ನಾಲ್ಕು, ಈರುಳ್ಳಿ 300 ಗ್ರಾಂ, ಟೊಮೆಟೊ ಎರಡು, ಬೆಳ್ಳುಳ್ಳಿ ಆರೇಳು ಎಸಳು, ಅರ್ಧ ಲಿಂಬೆಹಣ್ಣು, ಎಣ್ಣೆ ಐದಾರು ದೊಡ್ಡ ಚಮಚ. ಎಣ್ಣೆ ಜಾಸ್ತಿ ಆಯಿತು ಅನ್ನಬೇಡಿ. ಮೂರು ಚಮಚಕ್ಕೆ ಇಳಿಸಿ ನೋಡಿದ್ದೇನೆ, ಸಪ್ಪೆ ಸಾಂಬಾರಿನ ಹೋಳಿನ ಹಾಗಾಗುತ್ತದೆ.

ಬದನೆಕಾಯಿಯ ತೊಟ್ಟು ಇರಲಿ. ಸಿಪ್ಪೆಯನ್ನು ಉದ್ದುದ್ದಕ್ಕೆ ಒಂದು ಪಟ್ಟಿ ತೆಗೆದು ಒಂದು ಪಟ್ಟಿ ಬಿಡಿ. ಸಿಪ್ಪೆ ಪೂರ್ತಿ ಇದ್ದರೆ ನಾರು, ಪೂರ್ತಿ ತೆಗೆದರೆ ಕಾಯಿ ಕಲಸಿಹೋಗುತ್ತದೆ. ಎಣ್ಣೆಗಾಯಿಗೆ ನಾಲ್ಕು ಸೀಳು ಹಾಕುತ್ತೇವಲ್ಲ, ಹಾಗಲ್ಲ. ಒಂದೇ ಸೀಳು, ಎರಡೂ ತುದಿ ಬಿಟ್ಟು, ಕೆಳಗಿನ ಸಿಪ್ಪೆ ದಾಟದ ಹಾಗೆ. ಉಪ್ಪು ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಮೇಲೊಂದು ತಟ್ಟೆ ಇಡಿ, ಇಲ್ಲದಿದ್ದರೆ ದೋಣಿಯ ಹಾಗೆ ತೇಲುತ್ತದೆ. ಆಮೇಲೆ ಮೆಲ್ಲಗೆ ಹಿಂಡಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ನೀರಿನ ಪಸೆ ಇದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ.

ಅಗಲ ತಳದ ದಪ್ಪ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಬದನೆಕಾಯಿ ಮಲಗಿಸಿ, ಮುಚ್ಚಿ. ಆಗಾಗ ಹೊರಳಿಸಿ. ಹತ್ತು ಹನ್ನೆರಡು ನಿಮಿಷದಲ್ಲಿ ಎಲ್ಲ ಕಡೆ ಕೆಂಪಾಗಿ, ಚಮಚದಲ್ಲಿ ಒತ್ತಿದರೆ ಬಗ್ಗುವಷ್ಟು ಮೆತ್ತಗಾಗಬೇಕು. ತೆಗೆದಿಡಿ. ಅದೇ ಪಾತ್ರೆಗೆ ಉಳಿದ ಎಣ್ಣೆ, ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಸ್ವಲ್ಪ ಉಪ್ಪು. ಇಲ್ಲಿ ಅವಸರ ಬೇಡ. ಕಂದು ಆಗಬಾರದು, ಕರಗಿದ ಹಾಗಾಗಬೇಕು. ಹದಿನೈದು ನಿಮಿಷ ಆದರೂ ಹಿಡಿಯುತ್ತದೆ. ಆಮೇಲೆ ಬೆಳ್ಳುಳ್ಳಿ, ಟೊಮೆಟೊ, ನೀರಿನಂಶ ಹೋಗುವವರೆಗೆ. ಅರಿಶಿನ, ಖಾರದ ಪುಡಿ, ಕೊತ್ತಂಬರಿ ಬೀಜ, ಏನೂ ಬೇಡ. ಕೈ ತಾನಾಗಿ ಮಸಾಲೆ ಡಬ್ಬಿಗೆ ಹೋಗುತ್ತದೆ, ತಡೆದುಕೊಳ್ಳಿ. ಅವರು ಹಾಕುವ ಪಾರ್ಸ್ಲಿ ಸೊಪ್ಪು ನಮ್ಮಲ್ಲಿ ಸಿಗುವುದು ಅಪರೂಪ. ಕೊತ್ತಂಬರಿ ಸೊಪ್ಪು ಹಾಕಿದರೆ ರುಚಿ ನಮ್ಮೂರಿಗೆ ವಾಪಸ್ ಬರುತ್ತದೆ. ನಾನು ಹಾಕುವುದಿಲ್ಲ.

ಸೀಳು ಅಗಲಿಸಿ ಒಳಗೆ ತುಂಬಿ. ಬದನೆಕಾಯಿಗಳನ್ನು ಒತ್ತೊತ್ತಾಗಿ ಜೋಡಿಸಿ, ಸುತ್ತಲೂ ಅರ್ಧ ಲೋಟ ನೀರು, ಲಿಂಬೆರಸ ಹಾಕಿ ಮುಚ್ಚಿ. ಅತಿ ಸಣ್ಣ ಉರಿ, 35-40 ನಿಮಿಷ. ಓವನ್ ಮಾಡುವ ಕೆಲಸ ಇದೇ. ಕಬ್ಬಿಣದ ಬಾಣಲೆ ಬೇಡ, ಟೊಮೆಟೊ ಲಿಂಬೆ ಸೇರಿ ಲೋಹದ ವಾಸನೆ ಬರುತ್ತದೆ. ಮನೆಯಲ್ಲಿ ಅಜ್ಜಿಯ ಕಾಲದ ಕಲ್ಲುಮರಿಗೆ, ಅಂದರೆ ಕಲ್ಲಿನ ಪಾತ್ರೆ, ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಲೆ ಆರಿಸಿದ ಮೇಲೂ ಬಿಸಿ ಹಿಡಿದಿಟ್ಟುಕೊಂಡು ತಾನೇ ಬೇಯಿಸುತ್ತದೆ.

ಕೂಡಲೇ ಬಡಿಸಬೇಡಿ. ಪಾತ್ರೆಯಲ್ಲೇ ಎರಡು ಮೂರು ಗಂಟೆ ಬಿಡಿ. ಬಿಸಿಯಲ್ಲಿ ತಿಂದರೆ ಎಣ್ಣೆ ಒಂದು ಕಡೆ, ಹುಳಿ ಒಂದು ಕಡೆ. ಆರಿದ ಮೇಲೆ ಎಲ್ಲ ಒಂದಾಗಿರುತ್ತದೆ. ಮರುದಿನ ಇನ್ನೂ ಚೆನ್ನ. ನಿಮಗಲ್ಲಿ ಪಾವ್‌ಗೆ ಬರವಿಲ್ಲ, ಅದರಲ್ಲಿ ಒರೆಸಿಕೊಂಡು ತಿನ್ನಿ. ನಾನು ಕುಚಲಕ್ಕಿ ಗಂಜಿಯ ಜೊತೆ ನೆಂಚಿಕೊಳ್ಳುತ್ತೇನೆ. ಟರ್ಕಿಯವರು ಒಪ್ಪಲಿಕ್ಕಿಲ್ಲ.

ಈ ತಣ್ಣಗೆ ತಿನ್ನುವ ಕಾರಣಕ್ಕೇ ಎಣ್ಣೆ ಮುಖ್ಯವಾಗುತ್ತದೆ. ತುಪ್ಪ ಹೆಪ್ಪುಗಟ್ಟುತ್ತದೆ. ಕೊಬ್ಬರಿ ಎಣ್ಣೆ ಕಾರವಾರದ ಸೆಕೆಯಲ್ಲಿ ಗಟ್ಟಿಯಾಗಲಿಕ್ಕಿಲ್ಲ, ಶಿರಸಿಯ ಚಳಿಯಲ್ಲಿ ಖಂಡಿತ ಆಗುತ್ತದೆ. ಅದರ ಘಮ ಬೇರೆ ಎಲ್ಲವನ್ನೂ ಮುಚ್ಚುತ್ತದೆ. ನಾನು ಮಾಡುವ ಉಪಾಯ ಹೀಗೆ: ಬದನೆಕಾಯಿ ಹುರಿಯಲು ಸೂರ್ಯಕಾಂತಿ ಎಣ್ಣೆ, ಈರುಳ್ಳಿಗೆ ಮಾತ್ರ ಆಲಿವ್. ಚಿಕ್ಕ ಬಾಟಲಿ ಸಾಕು, ಮೇಲೆ ಎಕ್ಸ್ಟ್ರಾ ವರ್ಜಿನ್ ಅಂತ ಇರಲಿ. 'ಲೈಟ್' ಅಂತ ಬರೆದದ್ದಕ್ಕೆ ರುಚಿಯೇ ಇರುವುದಿಲ್ಲ, ಅದಕ್ಕೆ ದುಡ್ಡು ಸುಮ್ನೆ ದಂಡ.

ಅಂದಹಾಗೆ, ಇದು ವಿದೇಶಿ ತಿಂಡಿ ಅಂತ ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ಹೇಳಿ. ಬದನೆಕಾಯಿ ನಮ್ಮ ಕಡೆಯಿಂದಲೇ ಪರ್ಷಿಯಾ, ಅರಬ್ ನಾಡು ದಾಟಿ ಅಲ್ಲಿಗೆ ಹೋದದ್ದು. ಹೆಸರನ್ನೂ ಹೊತ್ತುಕೊಂಡು ಹೋಯಿತು. ನಿಮ್ಮ ಪಕ್ಕದ ಮನೆಯವರು ಕೊಂಕಣಿಯಲ್ಲಿ ವಾಯಂಗಣ ಅನ್ನುತ್ತಾರಲ್ಲ, ಟರ್ಕಿಯವರ ಪಾಟ್ಲಿಜಾನ್ ಅದೇ ಬೇರಿನದ್ದು. ಟೊಮೆಟೊ ಅವರಿಗೂ ನಮಗೂ ಅಮೆರಿಕದಿಂದ ಬಂದದ್ದು.

ಇನ್ನು ಅಮ್ಮನ ವಿಷಯ. ಬರೀ ಬೆಳ್ಳುಳ್ಳಿ ಬೇಡ ಅಂದರೆ ಬಿಟ್ಟುಬಿಡಿ, ಸ್ವಲ್ಪ ಮಂಕಾಗುತ್ತದೆ, ಅಷ್ಟೇ. ಈರುಳ್ಳಿಯೂ ಬೇಡ ಅಂದರೆ ಈ ಅಡುಗೆ ಮರೆತುಬಿಡಿ. ಅಂಥವರಿಗೆ ಲೆಬನಾನ್, ಸಿರಿಯಾ ಕಡೆಯ ಮುತಬ್ಬಲ್ ಇದೆ. ನಮ್ಮ ಅತ್ತೆಗೆ ಮಾಡಿಕೊಡುವುದು ಅದನ್ನೇ. ದೊಡ್ಡ ಬದನೆಕಾಯಿಗೆ ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚಿ, ಗ್ಯಾಸಿನ ಉರಿಯಲ್ಲೇ ಸುಡಿ. ಚುಚ್ಚುವುದು ಮರೆತರೆ ಒಡೆಯುತ್ತದೆ. ನಮ್ಮ ಅಡುಗೆಮನೆಯ ಗೋಡೆ ಇದಕ್ಕೆ ಸಾಕ್ಷಿ. ಸಿಪ್ಪೆ ಸುಲಿದು, ತಿರುಳನ್ನು ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಡಿ. ನಲ್ಲಿಯ ಕೆಳಗೆ ತೊಳೆಯಬೇಡಿ, ಹೊಗೆಯ ಘಮ ಎಲ್ಲ ಹೋಗುತ್ತದೆ. ಬಿಳಿ ಎಳ್ಳನ್ನು ಬಣ್ಣ ತಿರುಗದಷ್ಟು ಬೆಚ್ಚಗೆ ಹುರಿದು, ಸ್ವಲ್ಪ ಎಣ್ಣೆ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಅರೆದ ಎಳ್ಳು ಎರಡು ಚಮಚ ತೆಗೆದುಕೊಂಡು ಲಿಂಬೆರಸ ಹಿಂಡಿದರೆ ಗಟ್ಟಿಯಾಗಿ ಕೆಟ್ಟಹಾಗೆ ಕಾಣುತ್ತದೆ. ಹೆದರಬೇಡಿ, ತಣ್ಣೀರು ಚಮಚ ಚಮಚವಾಗಿ ಹಾಕುತ್ತಾ ಕಲಸಿ, ಬೆಳ್ಳಗೆ ನುಣುಪಾಗುತ್ತದೆ. ಬದನೆಕಾಯಿಯನ್ನು ಮಾತ್ರ ಮಿಕ್ಸಿಗೆ ಹಾಕದೆ ಚಾಕುವಿನಲ್ಲೇ ಕೊಚ್ಚಿ ಬೆರೆಸಿ, ಉಪ್ಪು ಹಾಕಿ.

ಅತ್ತೆ ಅದನ್ನು ಈಗಲೂ 'ಎಳ್ಳಿನ ಗೊಜ್ಜು' ಅಂತಲೇ ಕರೆಯುವುದು. ಬೆಲ್ಲ ಹಾಕಲು ಮರೆತಿದ್ದೀಯಾ ಅಂತ ಪ್ರತಿ ಸಲ ಕೇಳುತ್ತಾರೆ.