ದಿನಾ ಮೀಟಿಂಗ್ ಮಾಡಿದರೂ ಹೇಳಿದ ಕೆಲಸ ಆಗುತ್ತಿಲ್ಲ, ಏನು ಮಾಡಲಿ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಸೂಪರ್‌ವೈಸರ್ ಆಗಿದ್ದೀರಿ. ದಿನಾ ಬೆಳಿಗ್ಗೆ ಮೀಟಿಂಗ್ ಮಾಡುತ್ತೀರಿ, ವಾಟ್ಸಾಪ್ ಗ್ರೂಪಿಗೂ ಹಾಕುತ್ತೀರಿ, ಆದರೂ ಹೇಳಿದ್ದೊಂದು ಆಗುವುದೊಂದು, ಹೇಗೆ ಮಾತಾಡಿದರೆ ಸರಿ ಅಂತ ಕೇಳಿದ್ದೀರಿ. ಹೇಗೆ ಅನ್ನುವುದು ಆಮೇಲಿನ ಮಾತು. ನೀವು ಮಾತು ಮುಗಿಸಿದ ಮೇಲೆ ಯಾರು ಏನು ಮಾಡಿರಬೇಕು ಅನ್ನುವುದು ಮೊದಲು ನಿಮಗೆ ಸ್ಪಷ್ಟವಾಗಿದೆಯಾ?

ನಾನು ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿದ್ದೆ. ಒಂದು ಹಂಗಾಮಿನಲ್ಲಿ ಕಬ್ಬು ಸಾಲದೆ ಮಿಲ್ಲು ನಿಲ್ಲುವ ಹಾಗಾಯಿತು. ಹಳ್ಳಿಗಳಲ್ಲಿ ಕಟಾವು ನೋಡಿಕೊಳ್ಳುವ ನಮ್ಮ ಫೀಲ್ಡ್‌ಮನ್‌ಗಳಿಗೆಲ್ಲ ಒಂದೇ ಸಾಲು ಕಳಿಸಿದೆ: 'ಕಬ್ಬು ಬೇಗ ಕಡಿಸಿ.' ಎಲ್ಲರೂ ಕಡಿಸಿದರು. ಮೂರನೇ ದಿನಕ್ಕೆ ಯಾರ್ಡು ತುಂಬಿ, ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತವು.

ಕಡಿದ ಕಬ್ಬು ಕಾಯುವುದಿಲ್ಲ. ಬಿಸಿಲಿಗೆ ನೀರಾರಿ ತೂಕ ಇಳಿಯುತ್ತದೆ, ಅದು ರೈತನ ನಷ್ಟ. ಒಳಗಿನ ಸುಕ್ರೋಸ್, ಅಂದರೆ ನಾವು ತೆಗೆಯುವ ಸಕ್ಕರೆ, ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಸಕ್ಕರೆ ಇಳುವರಿ ಬೀಳುತ್ತದೆ, ಅದು ಕಾರ್ಖಾನೆಯ ನಷ್ಟ. ಕಟಾವು ನಿಲ್ಲಿಸಿ ಅನ್ನಲು ಹೋದಾಗ ಒಬ್ಬ ಹಿರಿಯ ರೈತರು, 'ಬಿರ್ನೆ ಕಡೀರಿ ಅಂದ್ರಿ, ಕಡುದ್ವಿ. ಈಗ ವಾಪಸ್ ನೆಡಕ್ಕಾಯ್ತದಾ ಸ್ವಾಮಿ?' ಅಂದರು. ಇವತ್ತಿಗೂ ಆ ಮುಖ ಮರೆತಿಲ್ಲ.

ಅವತ್ತು ರಾತ್ರಿ ಕೂತು ಯೋಚಿಸಿದೆ. ನನಗೆ ಬೇಕಾಗಿದ್ದದ್ದು ಬೇಗ ಕಡಿಯುವುದಲ್ಲ. ಕಡಿದ ಕಬ್ಬು 24 ಗಂಟೆಯೊಳಗೆ ಮಿಲ್ಲಿಗೆ ಬೀಳುವುದು. ಆ ಗುರಿಯನ್ನು ಬರೆದಿಟ್ಟುಕೊಂಡ ಮೇಲೆ ಸಂದೇಶ ತಾನಾಗಿ ಬದಲಾಯಿತು. ನಿಮ್ಮ ಭಾಗದಿಂದ ನಾಳೆ ಇಷ್ಟೇ ಟನ್, ಈ ರೈತರದ್ದು, ಗಾಡಿ ನಿಗದಿಯಾಗದೆ ಕಟಾವಿಗೆ ಆಳು ಇಳಿಸಬೇಡಿ, ಗಾಡಿ ಸಿಗದಿದ್ದರೆ ಸಂಜೆ 4ರೊಳಗೆ ನನಗೆ ಫೋನ್ ಮಾಡಿ. ಒಬ್ಬೊಬ್ಬರಿಗೂ ಬೇರೆ ಬೇರೆ. ಗ್ರೂಪಿಗೆ ಹಾಕುವುದನ್ನು ಬಿಟ್ಟೆ, ಎಲ್ಲರಿಗೂ ಹೇಳಿದ್ದನ್ನು ಯಾರೂ ತಮಗೇ ಹೇಳಿದ್ದು ಅಂದುಕೊಳ್ಳುವುದಿಲ್ಲ.

ತರಬೇತಿಗಳಲ್ಲಿ 'ಸ್ಮಾರ್ಟ್' (SMART) ಗುರಿ ಅಂತ, ಒಳ್ಳೆಯ ಗುರಿ ಹೇಗಿರಬೇಕು ಅನ್ನುವುದನ್ನು ಅಕ್ಷರಕ್ಕೊಂದರಂತೆ ಹೇಳಿಕೊಡುತ್ತಾರಲ್ಲ, 1981ರಲ್ಲಿ ಮ್ಯಾನೇಜ್‌ಮೆಂಟ್ ಸಲಹೆಗಾರ ಜಾರ್ಜ್ ಡೊರಾನ್ ಅದನ್ನು ಬರೆದಾಗ ನಡುವಿನ 'ಎ' ಅಕ್ಷರಕ್ಕೆ ಕೊಟ್ಟ ಅರ್ಥ, ಆ ಕೆಲಸ ಯಾರ ಪಾಲಿನದು ಅನ್ನುವುದು. ಈಗ ಅದನ್ನು 'ಸಾಧಿಸಬಹುದಾದದ್ದು' ಅಂತ ಕಲಿಸುತ್ತಾರೆ. ನನಗೆ ಹಳೆಯ ಅರ್ಥವೇ ಹೆಚ್ಚು ಬೇಕಾದದ್ದು ಅನ್ನಿಸುತ್ತದೆ.

ನಾಳೆಯ ಮೀಟಿಂಗಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಿರಿ: ಇವತ್ತು ಸಂಜೆಗೆ ಯಾವ ಮಷಿನ್ನಿನ ಮುಂದೆ ಏನು ಬದಲಾಗಿರಬೇಕು, ಯಾರಿಂದ. ಬರೆಯಲು ಆಗದಿದ್ದರೆ ಅವತ್ತು ಮೀಟಿಂಗ್ ಕರೆಯಬೇಡಿ. ಬರೆದಿದ್ದರೆ, ಹೇಳಿ ಮುಗಿಸಿ 'ಅರ್ಥ ಆಯ್ತಾ?' ಅನ್ನಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. 'ಈಗ ಮೊದಲು ಏನು ಮಾಡ್ತೀರಿ?' ಅಂತ ಅವರ ಬಾಯಲ್ಲೇ ಕೇಳಿ.