ಪದಕ ಗೆದ್ದವರೆಲ್ಲ ಕಲಿಸಬಲ್ಲರೇ?

ಗೋಕಾಕದ ಓದುಗರೊಬ್ಬರ ಪತ್ರ: "ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರು ಬೇಕಾಗಿದ್ದಾರೆ. ರಾಜ್ಯ ತಂಡದಲ್ಲಿ ಆಡಿ ಹೆಸರು ಮಾಡಿದವರೊಬ್ಬರು ಅರ್ಜಿ ಹಾಕಿದ್ದಾರೆ; ಅಂಥ ಪದಕಗಳಿಲ್ಲದ ದೈಹಿಕ ಶಿಕ್ಷಕರೊಬ್ಬರೂ ಹಾಕಿದ್ದಾರೆ. ದೊಡ್ಡ ಪಂದ್ಯ ಆಡಿದವರಿಗಲ್ಲದೆ ಮತ್ತಾರಿಗೆ ಕಲಿಸಲು ಬಂದೀತು ಎನ್ನುತ್ತದೆ ಆಡಳಿತ ಮಂಡಳಿ. ನಿಮ್ಮ ಅಭಿಪ್ರಾಯವೇನು?"

ಸಂಪಾದಕರ ಉತ್ತರ: ಮಂಡಳಿಯ ವಾದದಲ್ಲಿ ಹುರುಳೇ ಇಲ್ಲವೆನ್ನಲಾರೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಬಿಲ್ ರಸೆಲ್ ಬೋಸ್ಟನ್ ಸೆಲ್ಟಿಕ್ಸ್ ತಂಡದ ಪರ ಆಡುತ್ತಲೇ ಅದರ ತರಬೇತುದಾರರೂ ಆಗಿ 1968 ಮತ್ತು 1969ರಲ್ಲಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಹೆಸರಾಂತ ಆಟಗಾರನ ಮಾತಿಗೆ ಹುಡುಗರು ಮೊದಲ ದಿನವೇ ಕಿವಿಗೊಡುತ್ತಾರೆ ಎಂಬುದೂ ನಿಜ. ಆದರೆ ಎರಡನೆಯ ವಾರದಿಂದ?

ಅಲ್ಲಿನ ಆಟಗಾರರಲ್ಲಿ ಮ್ಯಾಜಿಕ್ ಜಾನ್ಸನ್‌ಗಿಂತ ದೊಡ್ಡ ಹೆಸರು ಬೇಕೆ? ಅವರು 1994ರಲ್ಲಿ ಲೇಕರ್ಸ್ ತಂಡದ ಹೊಣೆ ಹೊತ್ತು 16 ಪಂದ್ಯಗಳಲ್ಲಿ ಐದನ್ನಷ್ಟೇ ಗೆದ್ದು ಕೈಬಿಟ್ಟರು. ಅಷ್ಟೇಕೆ, ಈ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾಲಯದ ತರಬೇತುದಾರರಾಗಿ ಗೆದ್ದದ್ದು 55, ಸೋತದ್ದು 60! ಇತ್ತ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದ ಗ್ರೆಗ್ ಪೊಪೊವಿಚ್ ಸ್ಯಾನ್ ಆಂಟೋನಿಯೋ ತಂಡಕ್ಕೆ ಐದು ಪ್ರಶಸ್ತಿ ತಂದರು. ನನಗೆ ಬಲು ಮೆಚ್ಚಿನವರು ಫಿಲ್ ಜಾಕ್ಸನ್. ನ್ಯೂಯಾರ್ಕ್ ತಂಡದ ಬದಲಿ ಆಟಗಾರರಾಗಿದ್ದ ಅವರು, ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ 1969–70ರ ಋತುವನ್ನು ಹೊರಗೆ ಕುಳಿತು ನೋಡುವುದರಲ್ಲೇ ಕಳೆದರು. ಮುಂದೆ ತರಬೇತುದಾರರಾಗಿ 11 ಪ್ರಶಸ್ತಿ ಗೆದ್ದರು. ಬೆಂಚಿನ ಮೇಲೆ ಕುಳಿತವನಿಗೆ ಐವರ ಆಟವೂ ಕಾಣುತ್ತದೆ, ಮಿಂಚುವವನಿಗೆ ಬಹುತೇಕ ಚೆಂಡೊಂದೇ ಕಾಣುತ್ತದೆ ಎಂಬುದು ನನ್ನ ಹಳೆಯ ನಂಬಿಕೆ.

ಬೆಳಗಾವಿಯ ಮೈದಾನವೊಂದರಲ್ಲಿ ಮಾಜಿ ಆಟಗಾರರೊಬ್ಬರು ಕಲಿಸುವುದನ್ನು ನೋಡಿದ್ದೇನೆ. ಹುಡುಗನ ಮೊಣಕೈ ಹೊರಕ್ಕೆ ಚಾಚಿಕೊಂಡು ಚೆಂಡು ಪ್ರತಿಸಲವೂ ರಿಂಗಿನ ಬಲ ಅಂಚಿಗೆ ಬಡಿಯುತ್ತಿತ್ತು. ಇವರು "ಹಿಂಗ ಹಾಕಬೇಕ ನೋಡೋ" ಎನ್ನುತ್ತ ತಾವೇ ಎಸೆದು ಬಲೆ ಅಲ್ಲಾಡಿಸಿದರು. ಮತ್ತೆ ಎಸೆದರು, ಮತ್ತೆ ಬಿತ್ತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಹುಡುಗನ ಮೊಣಕೈ ಮಾತ್ರ ಇದ್ದಲ್ಲಿಯೇ ಇತ್ತು, ಅದನ್ನು ಯಾರೂ ಮುಟ್ಟಲಿಲ್ಲ. ನಮ್ಮ ಗರಡಿಮನೆಯ ವಸ್ತಾದರಾದರೋ ಮಣ್ಣಿನ ಅಂಚಿಗೆ ಕುಳಿತು, ಪೈಲ್ವಾನನ ಕಾಲು ತಪ್ಪಿದ ಗಳಿಗೆಯಲ್ಲೇ ಪಟ್ಟು ನಿಲ್ಲಿಸಿ ತಿದ್ದುತ್ತಾರೆ. ಕುಸ್ತಿಯ ನಾಡಿನವರಾದ ನೀವು ಇದನ್ನು ಮರೆತು ಪದಕ ಎಣಿಸಲು ಕುಳಿತಿರಲ್ಲ ಎಂಬುದೇ ನನ್ನ ಬೇಸರ.

ಬೇಸರ ನಿಮ್ಮೊಬ್ಬರ ಮೇಲಲ್ಲ. ತರಗತಿಯಲ್ಲಿ ಚೆನ್ನಾಗಿ ಪಾಠ ಹೇಳುವವರನ್ನು ಮುಖ್ಯೋಪಾಧ್ಯಾಯರನ್ನಾಗಿಸಿ ಬಿಸಿಯೂಟದ ಲೆಕ್ಕಕ್ಕೆ ಕೂರಿಸುವುದು, ಕೈಗುಣವುಳ್ಳ ವೈದ್ಯರನ್ನು ಕಡತಗಳಿಗೆ ಸಹಿ ಹಾಕಲು ಹಚ್ಚುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಒಂದು ಕೆಲಸದಲ್ಲಿ ಗೆದ್ದವನಿಗೆ ಬಹುಮಾನವೆಂದು ಬೇರೆಯದೇ ಕೆಲಸ ಕೊಟ್ಟು, ಆ ಕೆಲಸಕ್ಕೆಂದೇ ಪಳಗಿದವನನ್ನು ಹೊರಗಿಡುತ್ತೇವೆ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿಗೆಂದೇ ಡಿಪ್ಲೊಮಾ ಇದೆ. ಆಯ್ಕೆ ಸಮಿತಿಗಳಲ್ಲಿ ಅದನ್ನು ಪದಕಪಟ್ಟಿಯ ಕೆಳಗಿಟ್ಟು ಓದುವವರನ್ನೇ ಹೆಚ್ಚಾಗಿ ಕಂಡಿದ್ದೇನೆ.

ಸಂದರ್ಶನದ ದಿನ ಇಬ್ಬರಿಗೂ ಒಂದೊಂದು ತಾಸು ನಿಮ್ಮ ತಂಡದ ಅತಿ ದುರ್ಬಲ ಐವರು ಹುಡುಗರನ್ನು ಒಪ್ಪಿಸಿರಿ. ಅಭ್ಯರ್ಥಿಯ ಎಸೆತವನ್ನಲ್ಲ, ಅವರ ಕಣ್ಣು ಎತ್ತ ಹೊರಳುತ್ತದೆಂಬುದನ್ನು ಗಮನಿಸಿರಿ. ರಾಜ್ಯ ತಂಡದವರೇ ಚೆನ್ನಾಗಿ ತಿದ್ದಿದರೆ ಅವರನ್ನೇ ನೇಮಿಸಿಕೊಳ್ಳಿರಿ, ನನ್ನದೇನೂ ತಕರಾರಿಲ್ಲ. ಯಾರನ್ನೇ ತೆಗೆದುಕೊಂಡರೂ ಸಂಬಳವೆಷ್ಟು, ಎಷ್ಟು ವರ್ಷದ ಕರಾರು ಎಂಬುದನ್ನು ಮೊದಲೇ ಬರೆದುಕೊಡಲು ಮಂಡಳಿಗೆ ಹೇಳಿರಿ.